ಕೂಲಿಯನ್ನು ಊರು ಕಾಯುತ್ತದೆ, ಸಿಮೆಂಟನ್ನು ಯಾರು ಕಾಯುತ್ತಾರೆ?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಬಹುಪಾಲು ಒಂದೇ ಮಾತನ್ನು ಬೇರೆ ಬೇರೆ ಊರಿನ ಹೆಸರಿನಲ್ಲಿ ಕೇಳುತ್ತವೆ: ಇಷ್ಟು ಹಣ ಬರುತ್ತಿದೆ, ನಮ್ಮೂರಿಗೆ ಏನು ಬಂತು? ಕೇಳುವುದು ನಿಮ್ಮ ಹಕ್ಕು. ಆದರೆ ಪ್ರಶ್ನೆಯ ಬೆನ್ನಿಗೇ ಉತ್ತರವನ್ನೂ ನೀವೇ ಬರೆದು ಕಳುಹಿಸುತ್ತೀರಿ. 'ಜನ ಜಾಗೃತರಾಗಬೇಕು', 'ಪ್ರಾಮಾಣಿಕ ಅಧಿಕಾರಿಗಳು ಬರಬೇಕು'. ಈ ಎರಡು ವಾಕ್ಯಗಳನ್ನು ಓದಿ ಓದಿ ನನಗೆ ಸಾಕಾಗಿದೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಎಂದರೇನು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಏನು ಮಾಡುತ್ತದೆ ಎಂಬುದನ್ನು ಇಲ್ಲಿ ವಿವರಿಸುವುದಿಲ್ಲ. ಕಲಬುರಗಿ, ಬೀದರ್, ಯಾದಗಿರಿಯ ಓದುಗರಿಗೆ ಅದು ತಿಳಿದಿರಲೇಬೇಕು. ಈ ಬಾರಿ ಒಂದೇ ಪ್ರಶ್ನೆಗೆ ಹೆಚ್ಚು ಜಾಗ ಕೊಡುತ್ತೇನೆ.

ಪ್ರಶ್ನೆ: ನಮ್ಮ ಲಂಬಾಣಿ ತಾಂಡಾದಲ್ಲಿ ಇತ್ತೀಚೆಗೆ ಹಾಕಿದ ಸಿ.ಸಿ. (ಸಿಮೆಂಟ್ ಕಾಂಕ್ರೀಟ್) ರಸ್ತೆಯಲ್ಲಿ ಈಗಲೇ ಜಲ್ಲಿ ಎದ್ದಿದೆ. ಯುವಕರೆಲ್ಲ ಸೇರಿ ಜಾಗೃತಿ ಸಮಿತಿ ಮಾಡಿಕೊಂಡಿದ್ದೇವೆ. ಗ್ರಾಮಸಭೆಗೆ ಎಲ್ಲರೂ ಬಂದು ಕುಳಿತರೆ ಕಳ್ಳತನ ತಾನಾಗಿಯೇ ನಿಲ್ಲುತ್ತದೆ ಎಂದು ತರಬೇತಿ ಕೊಡಲು ಬಂದವರು ಹೇಳಿದರು. ನಿಜವೇ? (ಚಿಂಚೋಳಿ ತಾಲ್ಲೂಕಿನ ಓದುಗರು)

ಉತ್ತರ: ಅರ್ಧ ನಿಜ. ಆ ಅರ್ಧವನ್ನೇ ಪೂರ್ತಿಯೆಂದು ಹೇಳಿಕೊಟ್ಟು ಹೋಗುವ ತರಬೇತುದಾರರ ಮೇಲೆ ನನಗೆ ಸಿಟ್ಟಿದೆ. ಅವರ ಮಾತು ನಂಬಿ ಸಭೆಗೆ ಬಂದು, ಏನೂ ಬದಲಾಗದೆ, ಇನ್ನು ಸಭೆಯೇ ಬೇಡ ಎಂದು ಕೈಬಿಟ್ಟ ಊರುಗಳನ್ನು ನಾನು ಬಲ್ಲೆ.

ಇಂಡೊನೇಷ್ಯಾದಲ್ಲಿ ಅರ್ಥಶಾಸ್ತ್ರಜ್ಞ ಬೆಂಜಮಿನ್ ಓಲ್ಕನ್ ಅವರು 2003-04ರಲ್ಲಿ 608 ಹಳ್ಳಿಗಳ ರಸ್ತೆ ಕಾಮಗಾರಿಗಳನ್ನು ಹಿಡಿದು ಒಂದು ಪ್ರಯೋಗ ಮಾಡಿದರು. ಕೆಲವು ಹಳ್ಳಿಗಳಲ್ಲಿ ಲೆಕ್ಕ ಒಪ್ಪಿಸುವ ಸಭೆಗೆ ಜನರನ್ನು ಮನೆಮನೆಗೆ ಕರೆಯೋಲೆ ಕೊಟ್ಟು ಕರೆಸಿದರು. ಇನ್ನು ಕೆಲವೆಡೆ, ಸರ್ಕಾರಿ ಲೆಕ್ಕ ತಪಾಸಣೆ ಖಂಡಿತ ನಡೆಯುತ್ತದೆ ಎಂದು ಕೆಲಸ ಶುರುವಾಗುವ ಮೊದಲೇ ತಿಳಿಸಿದರು. ಮೊದಲು ತಪಾಸಣೆಯ ಸಾಧ್ಯತೆ ಶೇ 4 ಮಾತ್ರ ಇತ್ತು. ರಸ್ತೆ ಮುಗಿದ ಮೇಲೆ ಎಂಜಿನಿಯರುಗಳು ರಸ್ತೆಯನ್ನು ಕೊರೆದು ಮಾದರಿ ತೆಗೆದು, ಸಾಮಗ್ರಿ ಎಷ್ಟು ಬಿದ್ದಿದೆ ಎಂದು ಅಳೆದು, ಬಿಲ್ಲಿನಲ್ಲಿ ಬರೆದದ್ದಕ್ಕೆ ಹೋಲಿಸಿದರು. ತಪಾಸಣೆ ಖಚಿತವಿದ್ದ ಕಡೆ ಕಾಣೆಯಾದ ಹಣ ಸುಮಾರು 8 ಶೇಕಡಾ ಅಂಶದಷ್ಟು ಇಳಿಯಿತು. ಜನರನ್ನು ಸಭೆಗೆ ತುಂಬಿಸಿದ ಕಡೆ ಒಟ್ಟು ಪರಿಣಾಮ ಅತ್ಯಲ್ಪ. ಕೂಲಿಯಲ್ಲಿ ಕದಿಯುವುದು ಕಡಿಮೆಯಾಯಿತು, ಸಾಮಗ್ರಿಯಲ್ಲಿ ಕದಿಯುವುದು ಹಾಗೆಯೇ ಉಳಿಯಿತು.

ದೂರದ ದೇಶದ ಮಾತು ನಮಗೇಕೆ ಎನ್ನುವವರು ಸೇಡಂ, ಗುರುಮಠಕಲ್ ದಾಟಿದರೆ ಸಿಗುವ ನೆಲವನ್ನು ನೋಡಬಹುದು. ಅವಿಭಜಿತ ಆಂಧ್ರಪ್ರದೇಶವು ಉದ್ಯೋಗ ಖಾತ್ರಿಯ ಸಾಮಾಜಿಕ ಪರಿಶೋಧನೆಯನ್ನು, ಅಂದರೆ ಊರಿನವರ ಮುಂದೆಯೇ ಲೆಕ್ಕ ಪರಿಶೀಲಿಸುವುದನ್ನು, ದೇಶದಲ್ಲೇ ಮುಂದಾಗಿ, ವ್ಯವಸ್ಥಿತವಾಗಿ ನಡೆಸಿತು. ಆ ವರದಿಗಳನ್ನು ಫರ್ಜಾನಾ ಅಫ್ರಿದಿ ಮತ್ತು ವೆಗಾರ್ಡ್ ಐವರ್ಸನ್ ಅಧ್ಯಯನ ಮಾಡಿದರು. ಕೂಲಿಗೆ ಸಂಬಂಧಿಸಿದ ಪ್ರತಿ ಅಕ್ರಮದಲ್ಲಿ ಸೋರುತ್ತಿದ್ದ ಮೊತ್ತ ಸ್ವಲ್ಪ ತಗ್ಗಿತ್ತು. ಅದೇ ಹೊತ್ತಿಗೆ ಸಾಮಗ್ರಿಯ ಅಕ್ರಮಗಳು, ಅಂದರೆ ಕಂಡುಹಿಡಿಯಲು ಕಷ್ಟವಾದವು, ಹೆಚ್ಚಿದ್ದವು.

ಕಾರಣ ಸರಳ. ನನ್ನ ಹಾಜರಾತಿಯಲ್ಲಿ ಹತ್ತು ದಿನ ಕಡಿಮೆ ಬರೆದರೆ ನನ್ನ ಮನೆಯ ಹಣ ಹೋಗುತ್ತದೆ. ನಾನು ಸಭೆಯಲ್ಲಿ ಎದ್ದು ನಿಲ್ಲುತ್ತೇನೆ. ರಸ್ತೆಗೆ ಸಿಮೆಂಟು ಕಡಿಮೆ ಹಾಕಿದರೆ ಊರಿನ ಎಲ್ಲರದೂ ಹೋಗುತ್ತದೆ, ಆದ್ದರಿಂದ ಯಾರೂ ತಮ್ಮದು ಹೋಯಿತೆಂದು ಎಣಿಸುವುದಿಲ್ಲ. ಅದೂ ಅಲ್ಲದೆ ಕೂಲಿಯ ಲೆಕ್ಕ ಎಲ್ಲರಿಗೂ ಅರ್ಥವಾಗುತ್ತದೆ, ಕಾಂಕ್ರೀಟಿನ ಲೆಕ್ಕ ಎಂಜಿನಿಯರಿಗೆ ಮಾತ್ರ. ಕದಿಯುವವನು ಎಲ್ಲಿ ಕಣ್ಣಿಲ್ಲವೋ ಅಲ್ಲಿಗೆ ಸರಿಯುತ್ತಾನೆ. ಆದ್ದರಿಂದ ನಿಮ್ಮ ಸಮಿತಿ ಮಾಡಬೇಕಾದ ಕೆಲಸ ಭಾಷಣವಲ್ಲ, ಕಾಗದ ತರಿಸುವುದು.

ಮೊದಲು ಈ ರಸ್ತೆ ಹಾಕಿದವರು ಯಾರು ಎಂದು ತಿಳಿಯಿರಿ. ಅನುದಾನ ಮಂಡಳಿಯದ್ದಿರಬಹುದು, ಕೆಲಸ ಮಾಡಿಸಿದ್ದು ಲೋಕೋಪಯೋಗಿ ಇಲಾಖೆ, ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ, ಕೆ.ಆರ್.ಐ.ಡಿ.ಎಲ್. (ರಾಜ್ಯದ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಗಮ) ಅಥವಾ ನಿರ್ಮಿತಿ ಕೇಂದ್ರವಾಗಿರಬಹುದು. 'ಇದು ನಮ್ಮದಲ್ಲ' ಎಂದು ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುವುದು ಇಲ್ಲೇ ಶುರುವಾಗುತ್ತದೆ. ಮಾಹಿತಿ ಹಕ್ಕು ಕಾಯ್ದೆಯ 6(3)ನೇ ಕಲಮಿನ ಪ್ರಕಾರ, ತಪ್ಪು ಕಚೇರಿಗೆ ಬಂದ ಅರ್ಜಿಯನ್ನು ಅವರೇ 5 ದಿನದೊಳಗೆ ಸರಿಯಾದ ಕಚೇರಿಗೆ ಕಳುಹಿಸಬೇಕು. ಆ ಕಲಮನ್ನು ಅರ್ಜಿಯಲ್ಲೇ ಬರೆಯಿರಿ.

ಅರ್ಜಿಯಲ್ಲಿ ಕತೆ ಬೇಡ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಕಾಮಗಾರಿಯ ಹೆಸರು, ವರ್ಷ, ಲೆಕ್ಕ ಶೀರ್ಷಿಕೆ (ಯಾವ ಅನುದಾನದ ಹಣ ಎಂಬುದು) ಬರೆದು ಅಂದಾಜು ಪಟ್ಟಿ, ಕಾರ್ಯಾದೇಶ, ಗುತ್ತಿಗೆ ಕರಾರು, ಅಳತೆ ಪುಸ್ತಕದ ಪುಟಗಳು, ಗುಣಮಟ್ಟ ಪರೀಕ್ಷಾ ವರದಿ, ಮೂರನೇ ವ್ಯಕ್ತಿ ತಪಾಸಣಾ ವರದಿ ಇವುಗಳ ದೃಢೀಕೃತ ಪ್ರತಿ ಕೇಳಿ. ಎಲ್ಲಕ್ಕಿಂತ ಮುಖ್ಯವಾದದ್ದು ಅಳತೆ ಪುಸ್ತಕ, ಕಚೇರಿಯವರು ಎಂ.ಬಿ. ಎನ್ನುವುದು ಇದನ್ನೇ. ಉದ್ದ, ಅಗಲ, ದಪ್ಪ ಎಷ್ಟೆಂದು ಎಂಜಿನಿಯರ್ ಸಹಿ ಹಾಕಿದ ಪುಟ ನಿಮ್ಮ ಕೈಗೆ ಬಂದರೆ ಟೇಪು ಹಿಡಿದು ನಿಂತ ಹತ್ತನೇ ತರಗತಿಯ ಹುಡುಗಿಯೂ ಲೆಕ್ಕ ಹೇಳಬಲ್ಲಳು. ಅಂಚಿನ ದಪ್ಪ ಮಾತ್ರ ನೋಡಿ ಸಮಾಧಾನಪಡಬೇಡಿ. ಅಂಚಿನಲ್ಲಿ ದಪ್ಪ ಹಾಕಿ ನಡುವೆ ತೆಳುವಾಗಿ ಎಳೆಯುವುದು ಹಳೆಯ ಮೋಸ.

ಹಾಗೆಂದು ನೀವೇ ಗುದ್ದಲಿ ಹಿಡಿದು ರಸ್ತೆ ಅಗೆಯಬೇಡಿ. ಸಾರ್ವಜನಿಕ ಆಸ್ತಿ ಹಾಳು ಮಾಡಿದರೆಂಬ ಪ್ರಕರಣ ನಿಮ್ಮ ಮೇಲೆ ಬೀಳುತ್ತದೆ, ಕಳಪೆ ಕಾಮಗಾರಿಗೆ ನೀವೇ ಕಾರಣರಾಗುತ್ತೀರಿ. ಕಾಯ್ದೆಯ 2(ಜೆ) ಕಲಮು ಕಾಮಗಾರಿಯನ್ನು ಪರಿಶೀಲಿಸುವ ಮತ್ತು ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕನ್ನು ನಿಮಗೆ ಕೊಟ್ಟಿದೆ. ಮಾಹಿತಿ ಹಕ್ಕಿನ ಬಗ್ಗೆ ಗಂಟೆಗಟ್ಟಲೆ ಮಾತನಾಡುವವರೂ ಈ ಸಾಲನ್ನು ಓದಿರುವುದಿಲ್ಲ. ರಸ್ತೆಯ ನಡುವಿನಿಂದ ಕೋರ್ ಮಾದರಿ ನಿಮ್ಮ ಎದುರಿಗೇ ತೆಗೆಯಲಿ ಎಂದು ಲಿಖಿತವಾಗಿ ಕೇಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ, ಆಮೇಲೆ ಮಾಹಿತಿ ಆಯೋಗ. ಆಯೋಗದ ಪೀಠ ಕಲಬುರಗಿಯಲ್ಲೇ ಇದೆ, ಬೆಂಗಳೂರಿಗೆ ಓಡಬೇಕಿಲ್ಲ.

ಇನ್ನೊಂದು ವಿಷಯವನ್ನು ಯಾರೂ ಹೇಳಿಕೊಡುವುದಿಲ್ಲ. ಗುತ್ತಿಗೆ ಕರಾರಿನಲ್ಲಿ ದೋಷ ಹೊಣೆಗಾರಿಕೆಯ ಅವಧಿ ಎಂದು ಬರೆದಿರುತ್ತದೆ. ಆ ಅವಧಿಯೊಳಗೆ ರಸ್ತೆ ಕೆಟ್ಟರೆ ಗುತ್ತಿಗೆದಾರ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು, ಅದಕ್ಕೆಂದೇ ಅವನ ಭದ್ರತಾ ಠೇವಣಿಯನ್ನು ಹಿಡಿದಿಟ್ಟಿರುತ್ತಾರೆ. ಠೇವಣಿ ವಾಪಸಾದ ಮೇಲೆ ನೀವು ಎಷ್ಟು ಕೂಗಿದರೂ ಅವನನ್ನು ಊರಿಗೆ ಕರೆತರುವುದು ಕಷ್ಟ. ಜಲ್ಲಿ ಎದ್ದಿದೆ ಎಂದು ನನಗೆ ಪತ್ರ ಬರೆದಿರಿ. ಕಾರ್ಯನಿರ್ವಾಹಕ ಎಂಜಿನಿಯರಿಗೆ ಬರೆದಿದ್ದೀರಾ? ಇಂದೇ ಬರೆಯಿರಿ, ಫೋಟೊ ಲಗತ್ತಿಸಿ, ಸ್ವೀಕೃತಿ ಪಡೆಯಿರಿ. ರಸ್ತೆ ಹಾಕಿಸಿದ್ದು ಗ್ರಾಮ ಪಂಚಾಯಿತಿಯೇ ಆಗಿದ್ದರೆ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ ನಡೆಯುವ ಜಮಾಬಂದಿಯನ್ನು ಬಿಡಬೇಡಿ. ಲೆಕ್ಕದ ಪುಸ್ತಕದ ಜೊತೆ ಸ್ಥಳವನ್ನೂ ತೋರಿಸಲೇಬೇಕಾದ ದಿನ ಅದು.

ಎಚ್ಚರಿಕೆಯ ಮಾತು. ಒಬ್ಬನೇ ಹುಡುಗನ ಹೆಸರಿನಲ್ಲಿ ಅರ್ಜಿ ಹಾಕಬೇಡಿ. ನಾಲ್ಕೈದು ಹೆಸರುಗಳಲ್ಲಿ ಬೇರೆ ಬೇರೆ ಅರ್ಜಿ ಹಾಕಿ, ಸ್ವಸಹಾಯ ಸಂಘದ ಮಹಿಳೆಯರ ಹೆಸರೂ ಇರಲಿ. ಮಾಹಿತಿ ಕೇಳಿದವರ ಮೇಲೆ ಹಲ್ಲೆಯಾದ, ಅವರ ಜೀವವೇ ಹೋದ ಪ್ರಕರಣಗಳು ಈ ದೇಶದಲ್ಲಿ ನಡೆದಿವೆ. ಕಾಗದ ಕೈಗೆ ಬರುವ ಮುಂಚೆ ಯಾರ ಹೆಸರನ್ನೂ ಸಭೆಯಲ್ಲಿ ಹೇಳಬೇಡಿ, ವಾಟ್ಸ್‌ಆ್ಯಪ್ ಗುಂಪಿನಲ್ಲಂತೂ ಬೇಡವೇ ಬೇಡ. ನಾನು ಅತಿಯಾಗಿ ಹೆದರಿಸುತ್ತೇನೆ ಎಂದು ಕೆಲವರು ಆಕ್ಷೇಪಿಸುತ್ತಾರೆ. ಒಂದು ರಸ್ತೆಗಿಂತ ನಿಮ್ಮ ಊರಿನ ಮಕ್ಕಳು ದೊಡ್ಡವರು.

ಹಾಗಾದರೆ ಗ್ರಾಮಸಭೆ ಬೇಡವೇ? ಬೇಕು, ಇನ್ನೊಂದು ಕಾರಣಕ್ಕೆ. ಟಿಮ್ ಬೆಸ್ಲಿ, ರೋಹಿಣಿ ಪಾಂಡೆ, ವಿಜಯೇಂದ್ರ ರಾವ್ ಅವರು ಕರ್ನಾಟಕವೂ ಸೇರಿ ದಕ್ಷಿಣದ ನಾಲ್ಕು ರಾಜ್ಯಗಳ ಹಳ್ಳಿಗಳನ್ನು ನೋಡಿದಾಗ, ಗ್ರಾಮಸಭೆ ನಡೆದ ಊರುಗಳಲ್ಲಿ ಭೂಹೀನರಿಗೂ ಅಕ್ಷರ ಬಾರದವರಿಗೂ ಬಿಪಿಎಲ್ ಚೀಟಿ ಹೆಚ್ಚು ಸರಿಯಾಗಿ ತಲುಪಿತ್ತು. ಯಾರಿಗೆ ಸಿಗಬೇಕು ಎಂಬುದನ್ನು ಸಭೆ ಚೆನ್ನಾಗಿ ನಿರ್ಧರಿಸುತ್ತದೆ. ಎಷ್ಟು ಸಿಮೆಂಟು ಬಿತ್ತು ಎಂಬುದನ್ನು ತಪಾಸಣೆ ಚೆನ್ನಾಗಿ ಹಿಡಿಯುತ್ತದೆ. ಒಂದರ ಕೆಲಸವನ್ನು ಇನ್ನೊಂದರ ತಲೆಗೆ ಕಟ್ಟಿದರೆ ಎರಡೂ ಕೆಡುತ್ತವೆ.

ತಾಂಡಾದವರಾದ ನಿಮಗೆ ಆ ಮೊದಲ ಕೆಲಸ ಇನ್ನೂ ಮುಖ್ಯ. ತಾಂಡಾಗಳು ಕಂದಾಯ ದಾಖಲೆಯಲ್ಲಿ ಊರೇ ಆಗಿರದ ಕಾಲ ಬಹಳ ಹಿಂದಿನದಲ್ಲ; ಮಳಖೇಡದಲ್ಲಿ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟದ್ದು 2023ರ ಜನವರಿಯಲ್ಲಿ. ಪರಿಶಿಷ್ಟರ ಉಪಯೋಜನೆಯ 2013ರ ಕಾಯ್ದೆಯಲ್ಲಿದ್ದ 7(ಡಿ) ಕಲಮು, ಎಲ್ಲರಿಗೂ ಸೇರಿದ ಕಾಮಗಾರಿಯ ಖರ್ಚಿನ ಒಂದು ಪಾಲನ್ನು ಪರಿಶಿಷ್ಟರಿಗೇ ಆಯಿತೆಂದು ಭಾವಿಸಿ ಬರೆಯಲು ಅವಕಾಶ ಕೊಟ್ಟಿತ್ತು. ಅದನ್ನು 2023ರಲ್ಲಿ ತೆಗೆದುಹಾಕಲಾಗಿದೆ. ಆದ್ದರಿಂದ ಪರಿಶಿಷ್ಟರಾದ ನಿಮ್ಮ ಹೆಸರಿನ ಅನುದಾನ ಯಾವ ಓಣಿಯಲ್ಲಿ ಖರ್ಚಾಯಿತು ಎಂದು ಧೈರ್ಯವಾಗಿ ಕೇಳಿ. ಜೊತೆಗೆ ಸಭೆಯ ದಿನಾಂಕವನ್ನೂ ಗಮನಿಸಿ. ಅರ್ಧ ತಾಂಡಾ ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೋದಾಗ ಸಭೆ ಕರೆದು ಕೋರಂ ತೋರಿಸಿದರೆ, ಆ ಸಭೆಯ ತೀರ್ಮಾನಕ್ಕೆ ಲಿಖಿತ ಆಕ್ಷೇಪ ಸಲ್ಲಿಸಿ.

ಪ್ರಶ್ನೆ: ಸೇಡಂ, ಚಿತ್ತಾಪುರದಲ್ಲಿ ಇಷ್ಟು ಸಿಮೆಂಟ್ ಕಾರ್ಖಾನೆಗಳಿವೆ, ಮಂಡಳಿಗೆ ವರ್ಷಕ್ಕೆ 5 ಸಾವಿರ ಕೋಟಿ ರೂಪಾಯಿ ಘೋಷಣೆಯಾಗುತ್ತದೆ. ಆದರೂ ನಾವು ಹಿಂದುಳಿದವರೇ? (ಕಲಬುರಗಿ)

ಉತ್ತರ: ಹೌದು. ಖರ್ಚಿನ ಶೇಕಡಾವಾರನ್ನು ಪ್ರಗತಿ ಎಂದು ಓದುವ ಚಟ ಬಿಡಿ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ತಾಲ್ಲೂಕುಗಳನ್ನು ಅಳೆದದ್ದು 35 ಸೂಚಕಗಳಿಂದ. ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಗುಲ್ಬರ್ಗ ವಿಭಾಗದವು. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕನಿಷ್ಠ. ಹೆಣ್ಣುಮಕ್ಕಳಲ್ಲಿ ಶೇ 41ರ ಆಸುಪಾಸು. ಕಾರ್ಖಾನೆಯ ಉತ್ಪಾದನೆ ಜಿಲ್ಲೆಯ ಒಟ್ಟು ಆದಾಯದಲ್ಲಿ ಸೇರುತ್ತದೆ, ಆದರೆ ಓದು ಬಾರದ ಮನೆಗೆ ಅಲ್ಲಿಂದ ಬರುವುದು ಹೆಚ್ಚೆಂದರೆ ಗುತ್ತಿಗೆ ಕೂಲಿ. ಶಾಲೆಗೆ ಕೊಠಡಿ ಕಟ್ಟಿದರೆ ಅದೇ ವರ್ಷ ಬಿಲ್ಲಾಗುತ್ತದೆ, ಶಿಕ್ಷಕರ ಹುದ್ದೆ ತುಂಬಿದರೆ ಫಲ ಕಾಣಲು ಹತ್ತು ವರ್ಷ ಬೇಕು. ಕೊಠಡಿಯೇ ಗೆಲ್ಲುತ್ತಿದೆ, ಇದು ನನಗೆ ನಿಜವಾದ ನೋವು.

ಪ್ರಶ್ನೆ: ಒಬ್ಬ ಪ್ರಾಮಾಣಿಕ ಅಧಿಕಾರಿ ಬಂದರೆ ಎಲ್ಲವೂ ಸರಿಯಾಗುವುದಿಲ್ಲವೇ? (ಭಾಲ್ಕಿ)

ಉತ್ತರ: ಅವರಿಗೆ ವರ್ಗಾವಣೆಯಾಗುತ್ತದೆ. ಅಳತೆ ಪುಸ್ತಕ ಕಚೇರಿಯಲ್ಲೇ ಉಳಿಯುತ್ತದೆ, ಅದನ್ನು ಕೇಳಿ.

ಪ್ರಶ್ನೆ: ಎಲ್ಲವನ್ನೂ ಬೆರಳಚ್ಚಿಗೆ ಜೋಡಿಸಿದರೆ ಸೋರಿಕೆ ನಿಲ್ಲುತ್ತದಲ್ಲವೇ? (ಶಹಾಪುರ)

ಉತ್ತರ: ಹೇಗೆ ಜೋಡಿಸುತ್ತೀರಿ ಎಂಬುದರ ಮೇಲೆ ನಿಂತಿದೆ. ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು ಆಂಧ್ರದಲ್ಲಿ ಸ್ಮಾರ್ಟ್ ಕಾರ್ಡ್ ಪಾವತಿಯನ್ನು ಪರೀಕ್ಷಿಸಿದಾಗ ಉದ್ಯೋಗ ಖಾತ್ರಿಯ ಸೋರಿಕೆ ಸುಮಾರು ಶೇ 41ರಷ್ಟು ತಗ್ಗಿತ್ತು. ಅಲ್ಲಿ ಕಾರ್ಡ್ ಇಲ್ಲದವರಿಗೂ ಹಣ ಕೊಡುವುದನ್ನು ನಿಲ್ಲಿಸಿರಲಿಲ್ಲ. ಜಾರ್ಖಂಡದ ಪಡಿತರದಲ್ಲಿ ಆಧಾರ್ ಕಡ್ಡಾಯ ಮಾಡಿದಾಗ, ಜೋಡಣೆಯಾಗದ ನಿಜವಾದ ಬಡವರ ಪಾಲಿಗೇ ಕತ್ತರಿ ಬಿತ್ತು. ಹತ್ತಿ ಬಿಡಿಸಿ, ಕಲ್ಲು ಹೊತ್ತು ಗೆರೆ ಸವೆದ ಬೆರಳುಗಳ ಜಿಲ್ಲೆ ನಮ್ಮದು. ಬೆರಳು ಹಿಡಿಯದಿದ್ದಾಗ ಕೊಡುವ ಬೇರೆ ದಾರಿಯಿಲ್ಲದ ಯಾವ ಯಂತ್ರವನ್ನೂ ನಾನು ಬೆಂಬಲಿಸುವುದಿಲ್ಲ.

ಪ್ರಶ್ನೆ: 'ಭ್ರಷ್ಟಾಚಾರ ವಿರೋಧಿ' ಸಂಸ್ಥೆಯೊಂದು ಹಣ ಕಟ್ಟಿದರೆ ತಾಲ್ಲೂಕು ಅಧ್ಯಕ್ಷನೆಂದು ಗುರುತಿನ ಚೀಟಿ ಕೊಡುತ್ತದೆಯಂತೆ. ಅದರಿಂದ ಅಧಿಕಾರಿಗಳನ್ನು ಪ್ರಶ್ನಿಸಬಹುದೇ? (ಹುಮನಾಬಾದ್)

ಉತ್ತರ: ಆ ಚೀಟಿಗೆ ಕಾನೂನಿನಲ್ಲಿ ಯಾವ ಬೆಲೆಯೂ ಇಲ್ಲ. ಪ್ರಶ್ನಿಸಲು ನಿಮಗೆ ಬೇಕಾದದ್ದು 10 ರೂಪಾಯಿಯ ಶುಲ್ಕ ಮತ್ತು ಒಂದು ಬಿಳಿ ಹಾಳೆ. ಬಿಪಿಎಲ್ ಕುಟುಂಬದವರಿಗೆ ಆ ಶುಲ್ಕವೂ ಇಲ್ಲ. ಕೊರಳಿಗೆ ಇಂಥ ಚೀಟಿ ತೂಗುಹಾಕಿಕೊಂಡು ಪಿಡಿಒಗಳ ಹತ್ತಿರ ಹಣ ಕೀಳುವವರು ನಿಜವಾದ ಅರ್ಜಿದಾರರ ಮಾನ ಕಳೆಯುತ್ತಿದ್ದಾರೆ. ಅವರ ಸಹವಾಸ ಬೇಡ.

ಪ್ರಶ್ನೆ: ಲಂಚ ಕೊಟ್ಟರೆ ಕೆಲಸ ಬೇಗ ಆಗುತ್ತದೆ, ವ್ಯಾಪಾರ ಬೆಳೆಯುತ್ತದೆ. ಇದೂ ಆರ್ಥಿಕ ಬೆಳವಣಿಗೆಯಲ್ಲವೇ? (ಬೀದರ್‌ನ ಸಣ್ಣ ಉದ್ಯಮಿ)

ಉತ್ತರ: ಅಲ್ಲ. 1960ರ ದಶಕದಲ್ಲಿ ವಿದ್ವಾಂಸರೇ ಈ ವಾದವನ್ನು ಮುಂದಿಟ್ಟಿದ್ದರು. ಡೇನಿಯಲ್ ಕಾಫ್‌ಮನ್ ಮತ್ತು ಶಾಂಗ್-ಜಿನ್ ವೇ 1999ರಲ್ಲಿ ಅನೇಕ ದೇಶಗಳ ಉದ್ಯಮಗಳ ಮಾಹಿತಿ ಪರಿಶೀಲಿಸಿದರು. ಹೆಚ್ಚು ಲಂಚ ಕೊಡುವ ಉದ್ಯಮದವರೇ ಅಧಿಕಾರಿಗಳ ಮುಂದೆ ಹೆಚ್ಚು ಹೊತ್ತು ಕಳೆಯುತ್ತಿದ್ದರು. ಕೊಡುವವನೆಂದು ಗೊತ್ತಾದರೆ ಅವನ ಕಡತಕ್ಕೇ ಹೊಸ ತಕರಾರು ಹುಟ್ಟುತ್ತದೆ. ಇನ್ನು ನಿಮ್ಮ ಸ್ವಂತ ಸುರಕ್ಷತೆಯ ಮಾತು: ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ನೇರ ಅಪರಾಧ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದವರಿಗೆ ಮಾತ್ರ ರಕ್ಷಣೆಯಿದೆ. ನಿಮ್ಮ ಪತ್ರದಲ್ಲಿ ಬರೆದ ಘಟನೆ ಕಳೆದ ವಾರದ್ದಾಗಿದ್ದರೆ ನನ್ನ ಇನ್ನೊಂದು ಉತ್ತರಕ್ಕೆ ಕಾಯಬೇಡಿ, ಒಬ್ಬ ವಕೀಲರನ್ನು ಜೊತೆಗೆ ಕರೆದುಕೊಂಡು ಲೋಕಾಯುಕ್ತ ಪೊಲೀಸ್ ಠಾಣೆಗೆ ಹೋಗಿ.