ಎಂ.ಜಿ. ರೋಡಿನ ಕಾಫಿ ಹೌಸ್ ಮತ್ತು ನಮ್ಮಪ್ಪ

ಬೆಂಗಳೂರಿನ ನಡುಮಧ್ಯದಲ್ಲಿ ಮೊದಲಿದ್ದು ಈಗ ಇಲ್ಲವಾದ, ಇವತ್ತಿಗೂ ನಿಮಗೆ ನೆನಪಾಗುವ ತಿಂಡಿ ಜಾಗ ಯಾವುದು ಅಂತ ಕೇಳಿದ್ದೀರಿ. ಈ ಊರಿಗೆ ಬಂದು ಮೂರೇ ವರ್ಷ ಆಯ್ತು ಅಂತಲೂ ಬರೆದಿದ್ದೀರಿ. ಹಾಗಾಗಿ ಮೊದಲು ಜಾಗದ ಗುರುತು ಹೇಳುತ್ತೇನೆ. ಎಂ.ಜಿ. ರೋಡ್ ಮೆಟ್ರೋ ಸ್ಟೇಷನ್ನಿನಲ್ಲಿ ಇಳಿದು ರಸ್ತೆ ದಾಟಿದರೆ ಅಂಗಡಿಗಳ ಸಾಲು ಸಿಗುತ್ತದೆ, ಅಲ್ವಾ? 2009ರ ಏಪ್ರಿಲ್‌ವರೆಗೆ ಆ ಸಾಲಿನಲ್ಲೇ ಇಂಡಿಯಾ ಕಾಫಿ ಹೌಸ್ ಇತ್ತು. ನನ್ನ ಉತ್ತರ ಅದೇ.

ಚರ್ಚ್ ಸ್ಟ್ರೀಟಿನಲ್ಲಿ ಅದೇ ಹೆಸರಿನ ಕಾಫಿ ಹೌಸ್ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ, ಅದು ಇದೇ ಸಂಸ್ಥೆಯದು. ಹಳೇ ಕಟ್ಟಡ ಖಾಲಿ ಮಾಡಬೇಕಾಗಿ ಬಂದಾಗ ಅಲ್ಲಿಗೆ ಹೋದರು. ಅದರ ಬಗ್ಗೆ ಕೊನೆಗೆ ಹೇಳುತ್ತೇನೆ. ಆದರೆ ನನಗೆ ನೆನಪಾಗುವುದು ಎಂ.ಜಿ. ರೋಡಿನ ಆ ಎತ್ತರದ ಚಾವಣಿಯ ಹಾಲ್.

ನಮ್ಮೂರು ಮೂಡಿಗೆರೆ ಕಡೆ. ಅಪ್ಪನಿಗೆ ನಾಲ್ಕು ಎಕರೆ ಕಾಫಿ ತೋಟ. ಆ ಕಾಲದಲ್ಲಿ ಬೆಳೆದ ಕಾಫಿಯನ್ನು ಬೆಳೆಗಾರ ತನಗೆ ಬೇಕಾದವರಿಗೆ ಮಾರುವ ಹಾಗಿರಲಿಲ್ಲ. ಎಲ್ಲಾ ಸರ್ಕಾರದ ಕಾಫಿ ಮಂಡಳಿಯ 'ಪೂಲ್'ಗೆ, ಅಂದರೆ ಎಲ್ಲರ ಬೆಳೆ ಒಟ್ಟು ಸೇರಿಸಿ ಮಂಡಳಿಯೇ ಮಾರುವ ವ್ಯವಸ್ಥೆಗೆ, ಹೋಗಬೇಕಿತ್ತು. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿಹೋದಾಗ ಬೆಳೆಗಾರ ಮುಳುಗದಿರಲಿ ಅಂತ ಶುರುವಾದ ಪದ್ಧತಿ ಅದು. 90ರ ದಶಕದ ಮಧ್ಯದವರೆಗೂ ನಡೆಯಿತು. ಮನೆ ಖರ್ಚಿಗೆ ಸ್ವಲ್ಪ ಉಳಿಸಿಕೊಳ್ಳುತ್ತಿದ್ದೆವು. ನಮ್ಮನೆಯಲ್ಲಿ ಆ ಉಳಿಕೆ ಅಂದರೆ ಒಡಕು ಬೀಜ, ಕಣದಲ್ಲಿ ಗುಡಿಸಿದ್ದು, ನೆಲಕ್ಕೆ ಉದುರಿ ಆರಿಸಿದ್ದು. ಅಮ್ಮ ಅದನ್ನು ಹುರಿದು, ಪುಡಿ ಮಾಡಿ, ಬೆಲ್ಲ ಹಾಕಿ ಕಾಫಿ ಮಾಡುತ್ತಿದ್ದರು. ಒಳ್ಳೆ ಬೀಜ ಚೀಲದಲ್ಲಿ ಲಾರಿ ಹತ್ತಿ ಹೋಗುತ್ತಿತ್ತು. ಅದರ ರುಚಿ ಹೇಗಿರುತ್ತದೆ ಅನ್ನುವುದು ನಮ್ಮಂಥ ಸಣ್ಣ ಬೆಳೆಗಾರರ ಮಕ್ಕಳಿಗೆ ಗೊತ್ತೇ ಇರಲಿಲ್ಲ.

1986ರಲ್ಲಿ, ನನಗೆ ಹತ್ತು ವರ್ಷ ಇದ್ದಾಗ, ಅಪ್ಪ ಮೊದಲ ಸಲ ನನ್ನನ್ನು ಬೆಂಗಳೂರಿಗೆ ಕರೆದುಕೊಂಡು ಬಂದರು. ವಿಧಾನಸೌಧದ ಹತ್ತಿರ ಕಾಫಿ ಮಂಡಳಿಯ ಆಫೀಸಿನಲ್ಲಿ ಅವರಿಗೇನೋ ಕೆಲಸವಿತ್ತು. ಮುಗಿಯುವ ಹೊತ್ತಿಗೆ ಮಧ್ಯಾಹ್ನ ಮೂರು ಗಂಟೆ. ಕಬ್ಬನ್ ಪಾರ್ಕ್ ಹಾದು ಎಂ.ಜಿ. ರೋಡಿಗೆ ನಡೆದುಕೊಂಡೇ ಬಂದೆವು. "ನಮ್ಮ ಕಾಫಿ ಎಲ್ಲಿಗೆ ಹೋಗುತ್ತೆ ನೋಡು ಬಾ" ಅಂತ ಕಾಫಿ ಹೌಸ್ ಒಳಗೆ ಕರೆದುಕೊಂಡು ಹೋದರು.

ಒಳಗೆ ಕಾಲಿಟ್ಟ ಕೂಡಲೇ ನನಗೆ ಕಂಡದ್ದು ಪೇಟ. ಬಿಳಿ ಬಟ್ಟೆ, ಸೊಂಟಕ್ಕೆ ಅಗಲವಾದ ಬಣ್ಣದ ಪಟ್ಟಿ, ತಲೆ ಮೇಲೆ ಬೀಸಣಿಗೆ ಥರ ತುರಾಯಿ ನಿಂತ ಬಿಳಿ ಪೇಟ. ದಸರಾ ಚಿತ್ರಗಳಲ್ಲಿ ಅರಮನೆಯವರು ಹಾಕಿಕೊಳ್ಳುವುದನ್ನು ನೋಡಿದ್ದೆ. ಅಂಥ ಪೇಟ ಇಟ್ಟವರು ಬಂದು ಹವಾಯಿ ಚಪ್ಪಲಿ ಹಾಕಿದ್ದ ನನ್ನ ಮುಂದೆ ನೀರಿನ ಲೋಟ ಇಟ್ಟು, "ಏನು ಕೊಡ್ಲಿ?" ಅಂತ ನನ್ನನ್ನೇ ಕೇಳಿದರು. ಅಪ್ಪನನ್ನಲ್ಲ, ನನ್ನನ್ನು. ಅಲ್ಲಿವರೆಗೆ ಹೋಟೆಲಿನಲ್ಲಿ ಯಾರೂ ನನ್ನನ್ನು ಏನು ಬೇಕು ಅಂತ ಕೇಳಿರಲಿಲ್ಲ.

ಕಾಫಿ ಬಂತು. ದಪ್ಪ ಅಂಚಿನ ಬಿಳಿ ಪಿಂಗಾಣಿ ಕಪ್ಪು, ಕೆಳಗೆ ಸಾಸರ್. ಅಪ್ಪ ಕುಡಿಯಲಿಲ್ಲ. ಎರಡೂ ಕೈಯಲ್ಲಿ ಕಪ್ಪು ಹಿಡಿದು ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ ಒಂದು ಸಲ ಮೂಸಿದರು. ಕಪ್ಪು ಸ್ವಲ್ಪ ದೂರ ಮಾಡಿ, ಮತ್ತೆ ಒಂದು ಸಲ ಮೂಸಿದರು. "ಪ್ಲಾಂಟೇಷನ್ ಎ ಇರಬೇಕು. ಪೀಬೆರಿನೂ ಸೇರಿರಬಹುದು" ಅಂದರು. ಎರಡೂ ಒಳ್ಳೆ ಕಾಫಿ ಬೀಜದ ಗ್ರೇಡ್‌ಗಳ ಹೆಸರು. ಆಮೇಲೆ ಒಂದು ಗುಟುಕು. ಬಾಯಲ್ಲೇ ಇಟ್ಟುಕೊಂಡು, ತಲೆ ಮೇಲೆ ಕೆಳಗೆ ಆಡಿಸಿ ನುಂಗಿದರು. ವರ್ಷವಿಡೀ ಚಿಗುರು ತೆಗೆದು, ಬೋರರ್ ಹುಳಕ್ಕೆ ಹೆದರಿ, ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆಗೆ ಕಾದು ಬೆಳೆದದ್ದನ್ನು ಅಪ್ಪ ಮೇಜಿನ ಮುಂದೆ ಕೂತು ಕುಡಿದದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು. ಅವರ ಉಗುರು ಸಂದಿಯಲ್ಲಿ ಕಾಫಿ ಗಿಡದ ಕಪ್ಪು ಕಲೆ ಇನ್ನೂ ಇತ್ತು. ಬಿಳಿ ಕಪ್ಪಿನ ಮೇಲೆ ಅದು ಎದ್ದು ಕಾಣುತ್ತಿತ್ತು. ಇದು ಮಾತ್ರ ನನ್ನ ಕಣ್ಣಿಂದ ಹೋಗುವುದೇ ಇಲ್ಲ.

ಎರಡನೇ ಕಾಫಿ ಕುಡಿಯೋಣವಾ ಅಂತ ಕೇಳಿದೆ. ಅಪ್ಪ ಗೋಡೆ ಗಡಿಯಾರ ನೋಡಿದರು. ಮೆಜೆಸ್ಟಿಕ್‌ಗೆ ಹೋಗಿ ಬಸ್ಸು ಹಿಡಿಯಬೇಕಿತ್ತು. "ಇನ್ನೊಂದ್ಸಲ" ಅಂದರು.

ನಾನು ಕಾಲೇಜಿಗೆ ಬೆಂಗಳೂರಿಗೆ ಬಂದದ್ದು 1994ರಲ್ಲಿ. ಮೊದಲ ವಾರವೇ ಆ ಜಾಗ ಹುಡುಕಿಕೊಂಡು ಹೋದೆ. ಆಮೇಲೆ ಶನಿವಾರ ಅಂದರೆ ಕಾಫಿ ಹೌಸ್. ಶಾನಭಾಗರ ಪ್ರೀಮಿಯರ್ ಪುಸ್ತಕದಂಗಡಿ ಅಲ್ಲೇ ಪಕ್ಕದ ಬೀದಿಯಲ್ಲಿತ್ತು. ನೆಲದಿಂದ ಚಾವಣಿವರೆಗೆ ಪುಸ್ತಕದ ರಾಶಿ. ಕೇಳದೇ ಬಿಲ್ಲಿನಲ್ಲಿ ರಿಯಾಯಿತಿ ಹಾಕಿ ಕೊಡುತ್ತಿದ್ದರು. ಅಲ್ಲಿ ಒಂದು ಪುಸ್ತಕ ತೆಗೆದುಕೊಂಡು ಕಾಫಿ ಹೌಸಿಗೆ ಬಂದು ಕೂತರೆ ಸಂಜೆವರೆಗೆ ಯಾರೂ ಏಳು ಅನ್ನುತ್ತಿರಲಿಲ್ಲ. ಕೆಲವು ಶನಿವಾರ ಪ್ಲಾಜಾ ಟಾಕೀಸಿನಲ್ಲಿ ಇಂಗ್ಲಿಷ್ ಸಿನಿಮಾ, ಬಿಟ್ಟ ಮೇಲೆ ಮತ್ತೆ ಇಲ್ಲೇ.

ತಿಂಡಿ ಬಗ್ಗೆ ಹೇಳಲೇಬೇಕು, ನೀವು ಕೇಳಿದ್ದೇ ಅದು. ಮಸಾಲೆ ದೋಸೆ ಇತ್ತು, ಚೆನ್ನಾಗಿತ್ತು. ಆದರೆ ದೋಸೆಗೆ ಬಸವನಗುಡಿ, ಮಲ್ಲೇಶ್ವರ ಇದ್ದೇ ಇವೆ. ಕಾಫಿ ಹೌಸಿಗೆ ಜನ ಬರುತ್ತಿದ್ದದ್ದು ಸ್ಕ್ರ್ಯಾಂಬಲ್ಡ್ ಎಗ್ ಮತ್ತು ಕಟ್ಲೆಟ್‌ಗೆ. ಟೋಸ್ಟ್ ಮೇಲೆ ಮೆತ್ತಗೆ ಕೂತ, ಇನ್ನೂ ಸ್ವಲ್ಪ ಒದ್ದೆಯಾಗಿಯೇ ಇರುವ ಮೊಟ್ಟೆ. ಮೇಲೆ ಮೆಣಸಿನ ಪುಡಿ ಉದುರಿಸಿಕೊಳ್ಳಬೇಕು. ಟೋಸ್ಟಿನ ಅಂಚು ಗರಿ ಗರಿ ಇರುತ್ತಿತ್ತು, ನಡುಭಾಗ ಬೆಣ್ಣೆ ಕುಡಿದು ಮೆತ್ತಗಾಗಿರುತ್ತಿತ್ತು. ನಾನು ಅಂಚಿನಿಂದ ಶುರು ಮಾಡಿ ನಡುವಿಗೆ ಬರುತ್ತಿದ್ದೆ. ಮಟನ್ ಕಟ್ಲೆಟ್ ಹೊರಗೆ ಕಂದು ಬಣ್ಣ, ಒಡೆದರೆ ಒಳಗಿಂದ ಹಬೆ. ಕೆಲಸಕ್ಕೆ ಸೇರಿದ ಮೇಲೆ ತಿರುವನಂತಪುರದ ಕಾಫಿ ಹೌಸಿಗೂ ಹೋಗಿದ್ದೆ, ಲಾರಿ ಬೇಕರ್ ಕಟ್ಟಿದ ಸುರುಳಿ ಸುರುಳಿ ಕೆಂಪು ಕಟ್ಟಡ. ಅಲ್ಲಿ ಕಟ್ಲೆಟ್‌ಗೂ ಬೀಟ್‌ರೂಟ್, ದೋಸೆಯ ಪಲ್ಯಕ್ಕೂ ಬೀಟ್‌ರೂಟ್. ಅದು ಅಲ್ಲಿನವರ ಪ್ರೀತಿ. ನನ್ನ ನಾಲಿಗೆಗೆ ಎಂ.ಜಿ. ರೋಡಿನದೇ ಸರಿ.

ಜೇಬಿನಲ್ಲಿ 20 ರೂಪಾಯಿ ಇದ್ದರೂ ಅಲ್ಲಿ ಕೂರಬಹುದಿತ್ತು. ಪಕ್ಕದ ಮೇಜಿನಲ್ಲಿ ಕರಿ ಕೋಟಿನ ವಕೀಲರು, ಇನ್ನೊಂದು ಕಡೆ ರಿಟೈರಾದವರ ಗುಂಪು, ಮೂಲೆಯಲ್ಲಿ ಪೇಪರ್ ಓದುತ್ತಾ ಒಬ್ಬರೇ ಕೂತ ಅಜ್ಜಿ. ಜಾಗ ಇಲ್ಲದಿದ್ದರೆ ಗುರುತಿಲ್ಲದವರ ಎದುರೇ ಕೂರಬೇಕು. "ಕೂತ್ಕೊಳ್ಲಾ?" ಅಂದರೆ ಸಾಕು, ಸರಿದು ಜಾಗ ಕೊಡುತ್ತಿದ್ದರು. ಎಷ್ಟೋ ಸಲ ಮಾತೂ ಶುರುವಾಗುತ್ತಿತ್ತು. ಈಗ ಎದುರಿನ ಖಾಲಿ ಕುರ್ಚಿ ಮೇಲೆ ಬ್ಯಾಗ್ ಇಟ್ಟು ಕೂರುವುದೇ ಅಭ್ಯಾಸ ಆಗಿದೆ, ಎಲ್ಲರಿಗೂ.

ಒಂದು ದಿನ ಮಳೆ, ಹಾಲಿನಲ್ಲಿ ಜನ ಕಮ್ಮಿ. ನನಗೆ ಗುರುತಾಗಿದ್ದ ಹಿರಿಯ ಸಪ್ಲೈಯರ್ ಒಬ್ಬರನ್ನು ಸುಮ್ನೆ ಕೇಳಿದೆ, "ಇದರ ಮಾಲೀಕರು ಯಾರು?" ಅಂತ. ಅವರು ಪೇಟ ಸರಿ ಮಾಡಿಕೊಂಡು "ನಾವೇ" ಅಂದರು. ಅಡುಗೆಮನೆ ಕಡೆ ಕೈ ತೋರಿಸಿ, "ಅವರೂ" ಅಂದರು. ಮಾತಿನ ಚಂದಕ್ಕೆ ಹೇಳಿದ್ದು ಅಂದುಕೊಂಡೆ. ಅಲ್ಲ, ಅದು ಅಕ್ಷರಶಃ ನಿಜ.

ಕಾಫಿ ಬೆಲೆ ಬಿದ್ದುಹೋಗಿದ್ದ 1930ರ ದಶಕದಲ್ಲಿ, ನಮ್ಮ ದೇಶದವರಿಗೇ ಕಾಫಿ ಅಭ್ಯಾಸ ಮಾಡಿಸೋಣ ಅಂತ ಕಾಫಿ ಹೌಸ್‌ಗಳು ಶುರುವಾದವು. ಮೊದಲನೆಯದು 1936ರಲ್ಲಿ, ಮುಂಬೈನ ಚರ್ಚ್‌ಗೇಟ್‌ನಲ್ಲಿ. ಆಮೇಲೆ ಊರೂರಿಗೆ ಬಂದವು. 50ರ ದಶಕದ ಮಧ್ಯದಲ್ಲಿ ಇವನ್ನೆಲ್ಲ ಮುಚ್ಚುವುದು ಅಂತ ತೀರ್ಮಾನ ಆಯಿತು. ನೂರಾರು ಜನ ಕೆಲಸ ಕಳೆದುಕೊಂಡರು. ಆಗ ಕೇರಳದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್, ಕೆಲಸಗಾರರೇ ಸೇರಿ ಸಹಕಾರ ಸಂಘ ಮಾಡಿಕೊಂಡು ನಡೆಸಲಿ ಅಂತ ಮುಂದೆ ನಿಂತರು. ಅಂಥ ಮೊದಲ ಸಂಘ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, 1957ರ ಆಗಸ್ಟ್ 19ರಂದು. ದೆಹಲಿ, ಕೇರಳ ಎಲ್ಲ ಆಮೇಲೆ. ಈ ಊರಿನವರಿಗೆ ಇದು ಇನ್ನೂ ಜಾಸ್ತಿ ಗೊತ್ತಿರಬೇಕಿತ್ತು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಊರಿಗೆ ಹೋದಾಗ ಅಪ್ಪನಿಗೆ ಇದನ್ನು ಹೇಳಿದೆ. ಅವರು ಕಣದಲ್ಲಿ ಹಣ್ಣು ಹರವುತ್ತಿದ್ದರು. ಕೈಯಲ್ಲಿದ್ದ ಹಲಗೆ ನಿಲ್ಲಿಸಿ, "ಅದಕ್ಕೇ ಕಪ್ಪು ಇಡೋವಾಗ ಸದ್ದಾಗಲ್ಲ ನೋಡು" ಅಂದರು. ಮುಂದಿನ ಶನಿವಾರ ಗಮನಿಸಿದೆ. ಸದ್ದಾಗಲಿಲ್ಲ. ಸಾಸರ್ ಒಂದು ಅಂಚು ಮೊದಲು ಮೇಜಿಗೆ ತಾಗಿಸಿ, ಆಮೇಲೆ ಮೆಲ್ಲಗೆ ಪೂರ್ತಿ ಕೂರಿಸುತ್ತಿದ್ದರು.

2009 ಬರುವ ಹೊತ್ತಿಗೆ ಎಂ.ಜಿ. ರೋಡ್ ಗುರುತೇ ಸಿಗುತ್ತಿರಲಿಲ್ಲ. ರಸ್ತೆಯ ಆಚೆ ಬದಿಯಲ್ಲಿ ಉದ್ದಕ್ಕೂ ಮರಗಳ ಸಾಲು, ಕಾಗದದ ಹೂವಿನ ಬಳ್ಳಿ, ಕಲ್ಲಿನ ಕಾಲುದಾರಿ ಇತ್ತು. ಮೆಟ್ರೋಗೆ ಅದೆಲ್ಲ ಹೋಯಿತು. ಪ್ಲಾಜಾ 2005ರಲ್ಲೇ ಮುಚ್ಚಿತ್ತು. ಪ್ರೀಮಿಯರ್ ಬಾಗಿಲು ಹಾಕಿದ್ದೂ 2009ರಲ್ಲೇ. ಅದರ ಜೊತೆಗೆ ಕಾಫಿ ಹೌಸ್ ಕೂಡ ಜಾಗ ಬಿಡುತ್ತಿದೆ ಅಂತ ಪೇಪರಿನಲ್ಲಿ ಬಂತು. ಕೊನೆ ವಾರ ರಜೆ ಹಾಕಿ ಹೋದೆ. ಬಾಗಿಲ ಹೊರಗೆ ಸಾಲು. ಮೊಮ್ಮಕ್ಕಳನ್ನು ಕರೆದುಕೊಂಡು ಬಂದಿದ್ದವರು, ಕ್ಯಾಮೆರಾ ತಂದಿದ್ದವರು, ಸುಮ್ನೆ ನಿಂತು ಗೋಡೆ ನೋಡುತ್ತಿದ್ದವರು. "ನಾವೇ" ಅಂದಿದ್ದ ಆ ಹಿರಿಯ ಸಪ್ಲೈಯರ್ ಅಷ್ಟು ಗದ್ದಲದಲ್ಲೂ ಕಪ್ಪನ್ನು ಹಾಗೇ ಅಂಚು ತಾಗಿಸಿ ಇಟ್ಟರು. ಏನಾದರೂ ಹೇಳಬೇಕು ಅಂದುಕೊಂಡಿದ್ದೆ. ಮಾತು ಬರಲಿಲ್ಲ. ಊರಲ್ಲಿ ಅವತ್ತು ಹೂಮಳೆ ಬಿದ್ದಿದೆ ಅಂತ ಅಪ್ಪ ಬೆಳಿಗ್ಗೆ ಫೋನ್ ಮಾಡಿದ್ದರು. ಅದನ್ನೇ ಅವರಿಗೆ ಹೇಳಿದೆ. "ಹಾಗಾದ್ರೆ ಈ ಸಲ ಬೆಳೆ ಚೆನ್ನಾಗಾಗುತ್ತೆ ಬಿಡಿ" ಅಂದರು.

ಈಗ ಚರ್ಚ್ ಸ್ಟ್ರೀಟಿನ ಬ್ರಿಗೇಡ್ ಗಾರ್ಡನ್ಸ್‌ಗೆ ಹೋದ ಕಾಫಿ ಹೌಸ್ ವಿಷಯ. ಮೊದಮೊದಲು ನನಗೆ ಅಲ್ಲಿಗೆ ಹೋಗಲು ಮನಸ್ಸೇ ಬರಲಿಲ್ಲ. ಕಾಂಪ್ಲೆಕ್ಸ್ ಒಳಗಿನ ಜಾಗ, ಆ ಎತ್ತರದ ಚಾವಣಿ ಇಲ್ಲ, ಎದುರಿಗೆ ಮರ ಇಲ್ಲ. ಆದರೆ ಅಪ್ಪ 2012ರಲ್ಲಿ ತೋಟವನ್ನು ಅಣ್ಣನಿಗೆ ಬಿಟ್ಟು ನನ್ನ ಮನೆಗೆ ಬಂದರು. ಬಂದ ವಾರವೇ "ಕಾಫಿ ಹೌಸ್ ಎಲ್ಲಿಗೆ ಹೋಯ್ತೋ?" ಅಂತ ಕೇಳಿದರು. ಆಟೋದಲ್ಲಿ ಕರೆದುಕೊಂಡು ಹೋದೆ. ಪೇಟ ನೋಡಿ ಅವರ ಮುಖ ಅರಳಿತು. ಕಾಫಿ ಬಂತು. ಎರಡೂ ಕೈಯಲ್ಲಿ ಕಪ್ಪು ಹಿಡಿದರು, ಈಗ ಕೈ ಸ್ವಲ್ಪ ನಡುಗುತ್ತಿತ್ತು. ಮೂಸಿದರು. ದೂರ ಮಾಡಿ ಮತ್ತೆ ಮೂಸಿದರು. ಯಾವ ಗ್ರೇಡ್ ಅಂತ ಏನೂ ಹೇಳಲಿಲ್ಲ. ನಿಧಾನಕ್ಕೆ ಕುಡಿದು ಮುಗಿಸಿ, ಅಭ್ಯಾಸದಿಂದ ತಲೆಯೆತ್ತಿ ಗಡಿಯಾರ ಹುಡುಕಿದರು. ಆಮೇಲೆ ನನ್ನ ಕಡೆ ನೋಡಿದರು. ಹಿಡಿಯಬೇಕಾದ ಬಸ್ಸು ಯಾವುದೂ ಇರಲಿಲ್ಲ.

"ಇನ್ನೊಂದು ಹೇಳು" ಅಂದರು.