ಪದೇಪದೇ ನ್ಯುಮೋನಿಯಾ: ಮಗನ ಪ್ರತಿಕಾಯಗಳ ಪರೀಕ್ಷೆ ಮಾಡಿಸಿ

ಮಗನಿಗೆ ಪದೇಪದೇ ನ್ಯುಮೋನಿಯಾ ಬರುತ್ತಿರುವುದೇಕೆ ಎಂದು ಕೇಳಿರುವ ಚಿಂತಾಮಣಿಯ ತಾಯಿಯೇ, ನಿಮ್ಮ ಮಗನಿಗೆ ಇರಬಹುದಾದದ್ದು ಎಕ್ಸ್‌ಎಲ್‌ಎ (ಎಕ್ಸ್-ಲಿಂಕ್ಡ್ ಅಗಾಮಾಗ್ಲಾಬ್ಯುಲಿನೀಮಿಯಾ), ಅಂದರೆ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುವ, ಸೋಂಕಿನ ವಿರುದ್ಧ ಹೋರಾಡುವ ಪ್ರತಿಕಾಯಗಳೇ ದೇಹದಲ್ಲಿ ಸರಿಯಾಗಿ ತಯಾರಾಗದ ಕೊರತೆ. ಆರು ತಿಂಗಳು ತುಂಬಿದ ಮೇಲೆ ನ್ಯುಮೋನಿಯಾ ಮತ್ತು ಕಿವಿ ಸೋರುವಿಕೆ ಮರುಕಳಿಸುತ್ತಿರುವುದು, ನಿಮ್ಮ ತಮ್ಮ ಎಳವೆಯಲ್ಲೇ ಸೋಂಕಿನಿಂದ ತೀರಿಕೊಂಡದ್ದು, ಎರಡೂ ಅದನ್ನೇ ಸೂಚಿಸುತ್ತವೆ. ತಾಯಿಯಿಂದ ಬಂದ ಪ್ರತಿಕಾಯಗಳು ಕರಗುವ ಹೊತ್ತಿಗೇ ಈ ಕಾಯಿಲೆ ತಲೆದೋರುತ್ತದೆ. ನನ್ನ ತಂಗಿಯ ಮಗನಲ್ಲಿಯೂ ಹೀಗೆಯೇ ಆಗಿತ್ತು. ಆದರೂ ಪರೀಕ್ಷೆಯಿಲ್ಲದೆ ಖಚಿತವಾಗಿ ಹೇಳಲಾಗದು, ಇಂಥ ಲಕ್ಷಣಗಳು ಬೇರೆ ಕೊರತೆಗಳಲ್ಲಿಯೂ ಇರುತ್ತವೆ.

ಮೊದಲು ಮಕ್ಕಳ ವೈದ್ಯರಿಗೆ ತಮ್ಮನ ವಿಷಯವನ್ನು ತಪ್ಪದೆ ತಿಳಿಸಿ, ಐಜಿಜಿ, ಐಜಿಎ, ಐಜಿಎಂ ಎಂಬ ಪ್ರತಿಕಾಯಗಳ ಪ್ರಮಾಣದ ರಕ್ತಪರೀಕ್ಷೆ ಮಾಡಿಸಿ. ಅವು ತೀರಾ ಕಡಿಮೆಯಿದ್ದರೆ, ಪ್ರತಿಕಾಯ ತಯಾರಿಸುವ ಬಿ ಜೀವಕೋಶಗಳನ್ನು ಎಣಿಸುವ ಫ್ಲೋ ಸೈಟೋಮೆಟ್ರಿಗೂ ಈ ಕಾಯಿಲೆಯಲ್ಲಿ ದೋಷವಿರುವ ಬಿಟಿಕೆ ಜೀನ್‌ನ ಪರೀಕ್ಷೆಗೂ ಬೆಂಗಳೂರಿನ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ದೊಡ್ಡ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ. ಇಮ್ಯುನೊಗ್ಲಾಬ್ಯುಲಿನ್ (ದಾನಿಗಳ ರಕ್ತದಿಂದ ಪಡೆದ ಪ್ರತಿಕಾಯಗಳ ಔಷಧ) ಕೊಡುವ ಮೊದಲೇ ರಕ್ತ ತೆಗೆಸಬೇಕು. ಕೊಟ್ಟ ಮೇಲೆ ಫಲಿತಾಂಶ ದಾರಿ ತಪ್ಪಿಸುತ್ತದೆ.

ಫಲಿತಾಂಶ ಬರುವವರೆಗೆ ಪೋಲಿಯೊ ಹನಿಯಂಥ, ದುರ್ಬಲಗೊಳಿಸಿದ ಜೀವಂತ ರೋಗಾಣುಗಳಿರುವ ಲಸಿಕೆಗಳನ್ನು ವೈದ್ಯರನ್ನು ಕೇಳದೆ ಹಾಕಿಸಬೇಡಿ. ಮನೆಯ ಇತರ ಮಕ್ಕಳಿಗೆ ಹನಿ ಹಾಕಿಸುವ ಮುನ್ನವೂ ಕೇಳಿ, ಏಕೆಂದರೆ ಅದರ ವೈರಾಣು ಮಲದ ಮೂಲಕ ಹರಡಬಲ್ಲದು.

ಕಾಯಿಲೆ ದೃಢಪಟ್ಟರೆ ಮೂರು–ನಾಲ್ಕು ವಾರಗಳಿಗೊಮ್ಮೆ, ತೂಕಕ್ಕೆ ತಕ್ಕಂತೆ, ಜೀವನಪರ್ಯಂತ ಇಮ್ಯುನೊಗ್ಲಾಬ್ಯುಲಿನ್ ಕೊಡುತ್ತಾರೆ. ನಿಯಮಿತವಾಗಿ ಪಡೆದ ಮಕ್ಕಳು ಶಾಲೆಗೆ ಹೋಗುತ್ತಾರೆ, ಆಡುತ್ತಾರೆ. ಆದರೆ ಈಗ ಜ್ವರ ಅಥವಾ ಏದುಸಿರು ಕಂಡರೆ ಪರೀಕ್ಷೆಗಾಗಿ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.