ಸೋಯಾ ಡಬ್ಬಿ ಬಂತು, ಬಿಪಿ ಮಾತ್ರೆ ನಿಂತಿತು

ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ನನ್ನ ಬಳಿ ಬಂದ ಮಹಿಳೆಯೊಬ್ಬರ ವಯಸ್ಸು 54, ಮುಟ್ಟು ನಿಂತು ಮೂರು ವರ್ಷ. ಕೂತ ಕೂಡಲೇ ಬ್ಯಾಗಿನಿಂದ ಡಬ್ಬಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಸೋಯಾ ಐಸೋಫ್ಲೇವೋನ್, ಅಂದರೆ ಸೋಯಾದಿಂದ ತೆಗೆದ ಒಂದು ಬಗೆಯ ಅಂಶದ ಕ್ಯಾಪ್ಸೂಲ್. "ರಕ್ತನಾಳ ಕ್ಲೀನ್ ಮಾಡುತ್ತಂತೆ ಮೇಡಂ. ಬಿಪಿ ಮಾತ್ರೆ ಬಿಟ್ಟು ಎರಡು ತಿಂಗಳಾಯ್ತು." ಆವತ್ತು ಬಿಪಿ 162/98 ಇತ್ತು.

ಗದರಲು ಮನಸ್ಸು ಬರಲಿಲ್ಲ. ಯಾಕೆ ಬಿಟ್ಟಿರಿ ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೇಳಿದರು, "ಅಮ್ಮ ವರ್ಷಗಟ್ಟಲೆ ಮಾತ್ರೆ ನುಂಗಿದರು. ಆದರೂ ಹಾರ್ಟ್ ಅಟ್ಯಾಕ್ ಆಗಿಯೇ ಹೋದರು. ಮಾತ್ರೆ ಉಳಿಸಲಿಲ್ಲ ಅಲ್ವಾ?"

ನನಗೆ ಡಬ್ಬಿಗಿಂತ ಈ ಮಾತೇ ದೊಡ್ಡದು ಅನ್ನಿಸಿತು. ಆ ಮಾತ್ರೆ ಇಲ್ಲದಿದ್ದರೆ ಅಮ್ಮ ಇನ್ನೂ ಮೊದಲೇ ಹೋಗುತ್ತಿದ್ದರೇನೋ, ಯಾರು ಬಲ್ಲರು? ಇದನ್ನು ಮೆಲ್ಲಗೆ ಹೇಳಿದೆ. ಅವರು ಅತ್ತರು. ಅಳಲಿ ಅಂತ ಬಿಟ್ಟೆ.

ಸೋಯಾ ಮೇಲಿನ ಅವರ ಆಸೆ ಪೂರ್ತಿ ಸುಳ್ಳಲ್ಲ. ರಕ್ತನಾಳದ ಒಳಗೆ ತೆಳುವಾದ ಪದರ ಇರುತ್ತದೆ. ಅದು ನೈಟ್ರಿಕ್ ಆಕ್ಸೈಡ್ ಬಿಟ್ಟಾಗ ನಾಳ ಸಡಿಲವಾಗುತ್ತದೆ. ಬಿಪಿ, ಸಕ್ಕರೆ ಕಾಯಿಲೆ, ಬೀಡಿ-ಸಿಗರೇಟಿನ ಹೊಗೆ ಆ ಪದರವನ್ನು ಹಾಳು ಮಾಡುತ್ತವೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಇಳಿಯುತ್ತದೆ, ಹೃದಯದ ಅಪಾಯ ಏರುತ್ತದೆ. ಸೋಯಾದ ಜೆನಿಸ್ಟೀನ್ ಎಂಬ ಐಸೋಫ್ಲೇವೋನ್ ಈಸ್ಟ್ರೋಜನ್ ಹಾಗೆ ಸ್ವಲ್ಪ ಮಟ್ಟಿಗೆ ಕೆಲಸ ಮಾಡುತ್ತದೆ. ಹಾಗಾಗಿಯೇ ಇಷ್ಟು ಹೆಸರು. ದಿನಕ್ಕೆ 25 ಗ್ರಾಂ ಸೋಯಾ ಪ್ರೋಟೀನ್ ಹೃದಯಕ್ಕೆ ಒಳ್ಳೆಯದು ಅಂತ ಪೊಟ್ಟಣದ ಮೇಲೆ ಬರೆಯಲು ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1999ರಲ್ಲಿ ಒಪ್ಪಿತ್ತು. 2017ರಲ್ಲಿ ಪುರಾವೆ ಸಾಲದು ಅಂತ ಅದನ್ನು ಹಿಂತೆಗೆಯಲು ತಾನೇ ಮುಂದಾಯಿತು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2006ರಲ್ಲೇ ಹೇಳಿತ್ತು: ತುಂಬಾ ಸೋಯಾ ಪ್ರೋಟೀನ್ ತಿಂದರೂ ಕೆಟ್ಟ ಕೊಲೆಸ್ಟ್ರಾಲ್ ಇಳಿಯುವುದು ಶೇ. 3ರಷ್ಟು ಮಾತ್ರ. ಬರೀ ಐಸೋಫ್ಲೇವೋನ್‌ನಿಂದ ಅದೂ ಇಲ್ಲ.

ಮಾತಿನ ನಡುವೆ ಇನ್ನೊಂದು ಗೊತ್ತಾಯಿತು. ಬೆಳಿಗ್ಗೆ ಥೈರಾಯ್ಡ್ ಮಾತ್ರೆಯನ್ನು ಸೋಯಾ ಹಾಲಿನ ಜೊತೆ ನುಂಗುತ್ತಿದ್ದರು! ಸೋಯಾ ಜೊತೆಗಿದ್ದರೆ ಆ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಬರೀ ನೀರಿನಲ್ಲಿ ನುಂಗಿ, ಸೋಯಾ ನಾಲ್ಕು ಗಂಟೆ ಆದ ಮೇಲೆ ಇರಲಿ ಅಂದೆ.

ಬಿಪಿ ಮಾತ್ರೆಗಾಗಿ ಅವತ್ತೇ ಅವರ ಡಾಕ್ಟರ ಹತ್ತಿರ ಕಳಿಸಿದೆ. ಡಬ್ಬಿ ಬೇಡ, ಸೋಯಾ ಚಂಕ್ಸ್ ಇಷ್ಟವಿದ್ದರೆ ಸಾಗುವಿಗೋ ಪಲಾವಿಗೋ ಹಾಕಿ ತಿನ್ನಲಿ. ಉಪ್ಪಿನಕಾಯಿ, ಹಪ್ಪಳ ಕಮ್ಮಿಯಾಗಲಿ. ದಿನಾ ಅರ್ಧ ಗಂಟೆ ನಡೆಯಲಿ.

ತಿಂಗಳ ನಂತರ ಬಿಪಿ 138/86. ಮಾತ್ರೆ ತಪ್ಪಿಸುತ್ತಿಲ್ಲ. "ಅಮ್ಮನ ವಿಷಯ ಇನ್ನೂ ಮಾತಾಡಬೇಕು ಮೇಡಂ" ಅಂದರು. ಮುಂದಿನ ಭೇಟಿಯ ಒಂದು ಗಂಟೆ ಅದಕ್ಕೇ ಇಟ್ಟಿದ್ದೇನೆ.